ಕಡಲಿನ ಹೆಣ್ಣು, ತೊಟ್ಟಿಯ ಹೆಣ್ಣು

ಬದುಕಿರುವ ಮೀನಿಗೆ ಬೇಕಾದ ಮದ್ದು ಸತ್ತ ಮೀನಿನ ತಲೆಯೊಳಗಿರುತ್ತದೆ. ನದಿ ಕ್ಯಾಸ್ಪಿಯನ್ ಕಡಲನ್ನು ಸೇರುವಲ್ಲಿದ್ದ ಆ ಮೀನುಮರಿ ಕೇಂದ್ರದಲ್ಲಿ ಇದನ್ನು ಯಾರೂ ವಿಚಿತ್ರ ಅಂದುಕೊಳ್ಳುತ್ತಿರಲಿಲ್ಲ. ಆ ವಸಂತದಲ್ಲೂ ಗುಲ್‌ನಿಸಾ ವಾರವಿಡೀ ತಲೆ ಕೊರೆಯುತ್ತಿದ್ದಳು. ಮುದುಕ ಸಫರ್ ಮರದ ಕೊಡತಿ ಎತ್ತಿ ಚಿಕ್ಕ ಜಾತಿಯ ಮೀನಿನ ಹಣೆಗೆ ಒಂದೇ ಏಟು ಹಾಕುವನು. ಬಾಲ ಇನ್ನೂ ನೆಲಕ್ಕೆ ಬಡಿಯುತ್ತಿರುವಾಗಲೇ ಅವಳು ಕೊಳವೆಯಂಥ ಗರಗಸವನ್ನು ಬುರುಡೆಗೆ ಒತ್ತಿ ತಿರುಗಿಸಿ, ಮಿದುಳಿನ ಕೆಳಗಿಂದ ಅಕ್ಕಿಕಾಳಿನಂಥ ಗ್ರಂಥಿಯನ್ನು ಚಿಮುಟದಲ್ಲಿ ಎತ್ತುವಳು. ಅದನ್ನು ಒಣಗಿಸಿ, ಅರೆದು, ಕಲಸಿ ಚುಚ್ಚಿದರೆ ತುಂಬಿದ ಹೆಣ್ಣುಮೀನು ಮಾರನೆಯ ದಿನ ಮೊಟ್ಟೆ ಬಿಡುತ್ತದೆ. ಸಂಜೆಗೆ ಬಕೆಟ್ಟಿನಲ್ಲಿ ತೂತುಬಿದ್ದ ತಲೆಗಳು ಒಂದರ ಮೇಲೊಂದು ಕೂತು ಬಾಯಿ ತೆರೆದುಕೊಂಡಿರುತ್ತಿದ್ದವು.

"ಇವುಗಳ ಶಾಪ ಎಲ್ಲಾ ನಿನಗೇ, ಖಾನುಮ್," ಅನ್ನುವನು ಸಫರ್.

"ಹೊಡೆಯೋನು ನೀನು. ನಾನು ಬರೀ ತಲೆ ಬಾಚ್ತೀನಿ."

ಮದ್ದು ಎಲ್ಲವೂ ತೊಟ್ಟಿಯ ಹೆಣ್ಣುಗಳಿಗೇ ಹೋಗುತ್ತಿತ್ತು. ಆರು ವಸಂತಗಳಿಂದ, ಆ ಕಡಲಿನ ಮೀನುಗಳಲ್ಲೆಲ್ಲ ದೈತ್ಯವಾದ ಆನೆಮೀನು ಒಂದೂ ಕೇಂದ್ರದ ಬಲೆಗೆ ಬಿದ್ದಿರಲಿಲ್ಲ. ಇದ್ದವು ಕಳ್ಳರ ಪಾಲಾಗಿ, ಕಡಲ ದಡದಲ್ಲೇ ಹೊಟ್ಟೆ ಸೀಳಿಸಿಕೊಂಡು, ಮೊಟ್ಟೆ ಡಬ್ಬಿ ಸೇರಿ, ದೇಹ ಮರಳಿನಲ್ಲಿ ನಾರುತ್ತಿದ್ದವು. ಕೇಂದ್ರದಲ್ಲಿ ಉಳಿದದ್ದು ಸಿಮೆಂಟಿನ ತೊಟ್ಟಿಯಲ್ಲಿ ಹುಟ್ಟಿ, ಅಲ್ಲೇ ಬೆಳೆದು, ಗಂಟೆ ಬಾರಿಸಿದರೆ ತಿನ್ನಲು ಬರುವ ಹೆಣ್ಣುಗಳು. ಅವುಗಳಲ್ಲಿ ದೊಡ್ಡವಳು ಮಲಕೆ, ಅಂದರೆ ರಾಣಿ. ಗುಲ್‌ನಿಸಾಳ ಗಂಡ ಇಸ್ಫಂದಿಯಾರ್ ತೊಟ್ಟಿಗಿಳಿದರೆ ಅವಳು ಬಂದು ಅವನ ತೊಡೆಗೆ ಮೂತಿ ಉಜ್ಜುತ್ತಿದ್ದಳು. ಅವನು ಗದ್ದದ ಕೆಳಗೆ ಕೆರೆದರೆ ಮಗ್ಗುಲಾಗುತ್ತಿದ್ದಳು. ಎರಡೂ ತೋಳು ಹೊಟ್ಟೆಯ ಕೆಳಗೆ ಹಾಕಿ ಅವಳನ್ನು ಕೂಸಿನಂತೆ ತಬ್ಬಿ ಜೋಲಿಗೆ ಎತ್ತುವುದನ್ನು ನೋಡಲು ರಶ್ತ್ ಪಟ್ಟಣದಿಂದ ಶಾಲೆಮಕ್ಕಳನ್ನು ಕರೆತರುತ್ತಿದ್ದರು.

"ನನ್ನ ಸವತಿ ಹೇಗಿದಾಳೆ?" ಎಂದು ಗುಲ್‌ನಿಸಾ ಕೇಳುವಳು.

"ನಿನಗಿಂತ ಮೆತ್ತಗಿದಾಳೆ. ಮಾತೂ ಕಮ್ಮಿ."

ಆದರೆ ಮಲಕೆಯ ಮೊಟ್ಟೆಗಳು ಕೆಟ್ಟಿದ್ದವು. ಎರಡು ವರ್ಷದಿಂದ ಬೂದಿಬಣ್ಣ, ಮೆತ್ತಗೆ, ಕೊಬ್ಬಿನ ಎಳೆಗಳಿಗೆ ಅಂಟಿಕೊಂಡು ಬರುತ್ತಿದ್ದವು. ಜಾಡಿಗೆ ಹಾಕಿದ ಮೂರನೆಯ ದಿನಕ್ಕೆ ಬೆಳ್ಳಗಾಗಿ ಹತ್ತಿಯಂಥ ಬೂಸು ಹಿಡಿಯುತ್ತಿದ್ದವು. ತೆಹರಾನಿನ ಕಚೇರಿಗೆ ಅದರ ಚಿಂತೆಯಿಲ್ಲ. ತೊಟ್ಟಿಯವೇ ಸಾಲದೇ, ಕಡಲಿನದು ಏಕೆ ಬೇಕು ಎಂದು ಕೇಳಿ ಕೇಳಿ, ಕೊನೆಗೆ ಈ ವಸಂತ ಹೋಲಿಸಿ ತೋರಿಸಿ ಎಂದಿದ್ದರು. ಒಂದೇ ಗಂಡಿನ ಬೀಜ, ಒಂದೇ ನೀರು, ಒಂದೇ ದಿನ. ಮಲಕೆಯದೂ ಕಡಲಿನವಳದೂ ಅಕ್ಕಪಕ್ಕ.

"ಅವಳು ಸಿಕ್ಕಿದರಲ್ವಾ ಹೋಲಿಸೋದು?" ಎಂದಿದ್ದರು ಕೇಂದ್ರದ ಮುಖ್ಯಸ್ಥ ಇಂಜಿನಿಯರ್ ತಾಲೆಬಿ. ಸಿಗಬಾರದು ಎಂಬ ಆಸೆ ಅವರ ದನಿಯಲ್ಲಿತ್ತು.

ಸಿಕ್ಕಿಬಿಟ್ಟಳು. ಗದ್ದೆಗಳಲ್ಲಿ ಸಸಿಮಡಿ ಹಾಕುವ ಕಾಲ. ಇಸ್ಫಂದಿಯಾರನೂ ಅವನ ತಮ್ಮ ಈರಜನೂ ದೋಣಿಯ ಪಕ್ಕಕ್ಕೆ ಅವಳನ್ನು ಕಟ್ಟಿಕೊಂಡು ಎಳೆದು ತಂದರು. ದೋಣಿಯಷ್ಟೇ ಉದ್ದ. ಬೆನ್ನಿನುದ್ದಕ್ಕೂ ಸಾಲುಗಟ್ಟಿದ ಮೂಳೆಗುಬ್ಬಿಗಳು ಗರಗಸದ ಹಲ್ಲಿನಂತಿದ್ದವು. ತೊಟ್ಟಿಯ ಹೆಣ್ಣುಗಳಲ್ಲಿ ಅವು ಸಿಮೆಂಟಿಗೆ ಸವೆದು ಗುಂಡಿಗಳಾಗಿರುತ್ತಿದ್ದವು. ಒಂದು ದವಡೆಯಲ್ಲಿ ಹಳೆಯ ಗಾಳ ತುಕ್ಕು ಹಿಡಿದು ಮಾಂಸದೊಳಗೇ ಮುಚ್ಚಿಕೊಂಡಿತ್ತು. ಅವಳು ದಣಿದಿದ್ದಳು. ಗುಲ್‌ನಿಸಾ ಬೆನ್ನಿಗೆ ಮದ್ದಿನ ಸೂಜಿ ಚುಚ್ಚಿದಾಗ ಸತ್ತ ಮರದ ದಿಮ್ಮಿಯಂತೆ ಬಿದ್ದಿದ್ದಳು.

"ನೋಡು, ಇವಳೂ ಸಾಧು," ಎಂದ ಇಸ್ಫಂದಿಯಾರ್, ಒದ್ದೆ ಕೈಯಿಂದ ಅವಳ ಮೂತಿ ಸವರಿ. "ಬರೀ ಹೆಸರು ಕೆಟ್ಟದು."

ಕಡಲಿನ ಆನೆಮೀನಿನ ತೊಟ್ಟಿಗೆ ಇಳಿಯುವ ಮೊದಲು ಒದ್ದೆ ಗೋಣಿಯಿಂದ ಅದರ ಕಣ್ಣು ಮುಚ್ಚಬೇಕು, ಬಾಲಕ್ಕೆ ಹಗ್ಗದ ಕುಣಿಕೆ ಹಾಕಬೇಕು. ಇದು ಅಲ್ಲಿ ಎಲ್ಲರಿಗೂ ಗೊತ್ತಿತ್ತು, ಇಸ್ಫಂದಿಯಾರನಿಗಂತೂ ಅಪ್ಪನ ಕಾಲದಿಂದ ಗೊತ್ತಿತ್ತು. ಆದರೆ ಆರು ವರ್ಷ ಅವನು ಮಲಕೆಯನ್ನು ತಬ್ಬಿದ್ದ. ಮಾರನೆಯ ಬೆಳಿಗ್ಗೆ, ಹೊಟ್ಟೆ ಮೆತ್ತಗಾಗಿದೆಯೋ ನೋಡಬೇಕೆಂದು ಗುಲ್‌ನಿಸಾ ಹೇಳಿದ್ದೇ ತಡ, ಅವನು ಸೊಂಟದವರೆಗಿನ ರಬ್ಬರ್ ಬೂಟು ಏರಿಸಿಕೊಂಡು ನೀರಿಗಿಳಿದ. ಎರಡೂ ತೋಳನ್ನು ಅವಳ ಹೊಟ್ಟೆಯ ಕೆಳಗೆ ಹಾಕಿದ. ಮುಖದಲ್ಲಿ ಶಾಲೆಮಕ್ಕಳಿಗೆ ತೋರಿಸುವ ಅದೇ ನಗು.

ಅವಳು ಎಚ್ಚರಗೊಂಡಳು.

ತೊಟ್ಟಿಯ ನೀರು ಒಮ್ಮೆಲೇ ಎದ್ದು ನಿಂತಿತು. ಬಾಲ ಬಂದು ಇಸ್ಫಂದಿಯಾರನ ಪಕ್ಕೆಗೆ ಬಡಿಯಿತು, ಅವನು ಗೋಡೆಗೆ ಹೋಗಿ ಅಪ್ಪಳಿಸಿದ. ಅವನು ಏಳುವ ಮೊದಲೇ ಅವಳು ತಿರುಗಿದಳು. ಆ ಇಕ್ಕಟ್ಟಿನಲ್ಲಿ ತಿರುಗಲು ಅವಳ ಬೆನ್ನು ಗೋಡೆಯನ್ನು ಉಜ್ಜಿಕೊಂಡೇ ಹೋಗಬೇಕಿತ್ತು, ಗೋಡೆಗೂ ಬೆನ್ನಿಗೂ ನಡುವೆ ಅವನ ಕಾಲಿತ್ತು. ರಬ್ಬರ್ ಹರಿಯಿತು. ರಬ್ಬರಿನ ಒಳಗಿದ್ದದ್ದೂ ಹರಿಯಿತು. ಮೂಳೆ ಮುರಿದ ಸದ್ದನ್ನು ಗುಲ್‌ನಿಸಾ ನೀರಿನ ಸದ್ದಿನ ನಡುವೆಯೂ ಬೇರೆಯಾಗಿ ಕೇಳಿದಳು. ಕಡಲಿನವಳು ಮತ್ತೆ ಬಂದಳು. ಮತ್ತೆ ಉಜ್ಜಿದಳು. ನೀರು ಕೆಂಪಾಗಿ, ಕೆಂಪು ನೊರೆಯಾಗಿ, ಅಂಚು ದಾಟಿ ಗುಲ್‌ನಿಸಾಳ ಚಪ್ಪಲಿಯೊಳಗೆ ಸುರಿಯಿತು.

ಈರಜ್ ಅಣ್ಣನ ಕೂದಲು ಹಿಡಿದು ಮೇಲೆಳೆದ. ಸಫರ್ ತೋಳು ಹಿಡಿದ. ಮೊಣಕಾಲಿನ ಕೆಳಗೆ ಅವನ ಬಲಗಾಲು ಬೇರೆ ಯಾರದೋ ಎಂಬಂತೆ ಅಡ್ಡಡ್ಡ ತಿರುಗಿಕೊಂಡಿತ್ತು, ಒಳಗಿಂದ ರಕ್ತ ಚಿಮ್ಮಿ ಚಿಮ್ಮಿ ಬರುತ್ತಿತ್ತು. ಗುಲ್‌ನಿಸಾ ತಲೆಯ ವಸ್ತ್ರ ಕಿತ್ತು ಅವನ ತೊಡೆಗೆ ಸುತ್ತಿ, ಚಿಮುಟವನ್ನು ಗಂಟಿನೊಳಗೆ ತೂರಿಸಿ ತಿರುಗಿಸಿ ಬಿಗಿದಳು. ಅವನ ಕಣ್ಣು ತೆರೆದೇ ಇತ್ತು. ಅವಳ ತೋಳನ್ನು ಹಿಡಿದುಕೊಂಡಿದ್ದ.

ಅವಳು ತಲೆಯೆತ್ತಿದಾಗ ಈರಜ್‌ನ ಕೈಯಲ್ಲಿ ಕೊಡತಿ ಇತ್ತು.

"ಈರಜ್."

"ಹಡಬೆ ಮುಂಡೇದು. ನನ್ನಣ್ಣನ್ನ ತಿಂದುಬಿಡ್ತು. ತಲೆ ಒಡೀತೀನಿ. ಅದರ ಮಿದುಳು ನಾಯಿಗೆ ಹಾಕ್ತೀನಿ."

"ಮೊದಲು ಗಾಡಿ ತೆಗಿ. ಅಣ್ಣನ್ನ ರಶ್ತಿಗೆ ಕರ್ಕೊಂಡು ಹೋಗು."

"ಒಂದೇ ಏಟು, ಅತ್ತಿಗೆ. ಆಮೇಲೆ ಹೋಗ್ತೀನಿ."

ಒಂದೇ ಏಟಿಗೆ ಆಗುವ ಮೀನಲ್ಲ ಅದು. ಅವನು ತೊಟ್ಟಿಗೆ ಇಳಿದರೆ ಎರಡನೆಯವನನ್ನೂ ಎತ್ತಬೇಕಾಗುತ್ತದೆ, ಅಷ್ಟರೊಳಗೆ ಮೊದಲನೆಯವನು ಬರಿದಾಗುತ್ತಾನೆ. ಇದೆಲ್ಲ ಗುಲ್‌ನಿಸಾಳಿಗೆ ಹೊಳೆಯಿತು. ಇನ್ನೊಂದೂ ಹೊಳೆಯಿತು, ಅದಕ್ಕೆ ಅವಳು ಆಮೇಲೆಯೂ ತನ್ನನ್ನು ಕ್ಷಮಿಸಲಿಲ್ಲ: ಮೀನು ಮಗ್ಗುಲಾದಾಗ ಕಂಡ ಹೊಟ್ಟೆ ಮೆತ್ತಗಾಗಿದೆ. ಮೊಟ್ಟೆ ಹಣ್ಣಾಗಿವೆ. ಇನ್ನೊಂದು ಗಂಟೆ ಕಳೆದರೆ ಒಳಗೇ ಕೆಡುತ್ತವೆ.

"ಮೊಟ್ಟೆ ತೆಗೆಯೋಕೆ ಬಿಡು," ಎಂದಳು. "ತೆಗೆದ ಮೇಲೆ ಅದು ನಿಂದು. ನೀನೇ ಹೊಡಿ. ನಾನು ಅಡ್ಡ ಬರಲ್ಲ."

"ಸುಳ್ಳು."

"ಇಸ್ಫಂದಿಯಾರನ ಪ್ರಾಣದಾಣೆ."

ಆ ಗಿಲಾನ್ ಸೀಮೆಯಲ್ಲಿ ಆಣೆಗಳು ಹಲವು. ಉಪ್ಪು-ರೊಟ್ಟಿಯ ಮೇಲೆ ಇಡುವುದನ್ನು ಮರೆತುಬಿಡಬಹುದು, ಇಮಾಮರ ಮೇಲೆ ಇಡುವುದಕ್ಕೆ ಹರಕೆ ಕಟ್ಟಿ ತಪ್ಪಿಸಿಕೊಳ್ಳಬಹುದು. ಬದುಕಿರುವವನ ಪ್ರಾಣದ ಮೇಲಿಟ್ಟದ್ದು ಮಾತ್ರ ಹಾಗಲ್ಲ. ಅದನ್ನು ಮುರಿದರೆ ಪ್ರಾಣ ಹೋಗುವುದು ಮುರಿದವರದಲ್ಲ. ಈರಜ್ ಅತ್ತಿಗೆಯ ಮುಖ ನೋಡಿದ, ಅವಳ ಮಡಿಲಲ್ಲಿ ಬೆಳ್ಳಗಾಗುತ್ತಿದ್ದ ಅಣ್ಣನ ಮುಖ ನೋಡಿದ. ಕೊಡತಿ ಬಿಸಾಡಿ ಗಾಡಿಯ ಕಡೆ ಓಡಿದ.

ಇಸ್ಫಂದಿಯಾರನನ್ನು ಗಾಡಿಯಲ್ಲಿ ಮಲಗಿಸುವಾಗ ಅವಳ ತೋಳಿನಿಂದ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

"ನೀನು ಬರಲ್ವಾ?" ಎಂದ ಈರಜ್.

"ಕೊಯ್ಯೋಕೆ ಬೇರೆ ಯಾರಿದಾರೆ?"

ಅವನು ನೆಲಕ್ಕೆ ಉಗಿದು ಗಾಡಿ ಓಡಿಸಿದ.

ಗೋಣಿ, ಕುಣಿಕೆ, ಜೋಲಿ. ಈಗ ಎಲ್ಲವನ್ನೂ ಸರಿಯಾಗಿ ಮಾಡಿದರು. ಕಣ್ಣು ಮುಚ್ಚಿ ಅಂಗಾತ ಮಲಗಿಸಿದಾಗ ಕಡಲಿನವಳು ಸುಮ್ಮನಾದಳು. ಗುಬ್ಬಿಗಳ ಸಂದಿನಲ್ಲಿ ರಬ್ಬರಿನ ಚೂರು, ಚರ್ಮದ ಚೂರು ಸಿಕ್ಕಿಕೊಂಡಿದ್ದವು. ಸಫರ್ ಮುಖ ಆಚೆ ತಿರುಗಿಸಿ ಅವುಗಳನ್ನು ತೊಳೆದ. ಹಿಂದಿನ ಕಾಲವಾಗಿದ್ದರೆ ಹಣೆಗೆ ಬಡಿದು, ಬಾಲ ಮೇಲಾಗಿ ನೇತುಹಾಕಿ, ಗಂಟಲವರೆಗೆ ಸೀಳುತ್ತಿದ್ದರು. ಗುಲ್‌ನಿಸಾಳೂ ಹಾಗೆ ಎಷ್ಟನ್ನೋ ಸೀಳಿದ್ದಳು. ಈಗ ಮೊಟ್ಟೆ ಬರುವ ದಾರಿಯೊಳಗೇ ಬೆರಳುದ್ದದ ಚಾಕು ತೂರಿಸಿ, ಕಣ್ಣಿಗೆ ಕಾಣದ ಒಳಗೋಡೆಯನ್ನು ಕೈಯ ಅಂದಾಜಿನಲ್ಲೇ ಕೊಯ್ದಳು. ಅವಳ ಕೈ ಎಂದಿನ ಸಲೀಸಿನಲ್ಲೇ ಓಡಿತು. ಆ ಹೊತ್ತಿಗೆ ಅದೇ ಅವಳಿಗೆ ಹೇಸಿಗೆ ಅನ್ನಿಸಿತು.

ಹೊಟ್ಟೆ ಒತ್ತಿದಳು. ಮೊಟ್ಟೆ ಸುರಿಯಿತು. ಕಪ್ಪು ಮುತ್ತಿನಂಥವು, ಒಂದರಂತೆ ಇನ್ನೊಂದು, ಬೋಗುಣಿಯ ತಳಕ್ಕೆ ಬಿದ್ದಾಗ ಕಾಳಿನ ಸದ್ದು.

"ಯಾ ಅಲಿ," ಎಂದ ಸಫರ್. "ಮರೆತೇ ಹೋಗಿತ್ತು, ಹೀಗಿರ್ತವೆ ಅಂತ."

"ಮಾತಾಡಬೇಡ. ಒತ್ತು."

ಆಮೇಲೆ ಮಲಕೆ. ಅವಳು ತಾನಾಗಿಯೇ ಜೋಲಿಯ ಹತ್ತಿರ ಬಂದಳು, ಗದ್ದ ಕೆರೆಯಲೆಂದು ಕಾದಳು. ಅವಳ ಹೊಟ್ಟೆಯಿಂದ ಬಂದದ್ದು ಗಂಜಿಯಂತೆ, ಗಂಟುಗಂಟಾಗಿ, ಮಧ್ಯೆ ಮಧ್ಯೆ ಒಡೆದ ಸಿಪ್ಪೆ. ಎರಡು ಬೋಗುಣಿಗೂ ಒಂದೇ ಗಂಡಿನ ಬೀಜ ನೀರಿಗೆ ಕಲಸಿ ಹೊಯ್ದು, ಬಾತಿನ ಗರಿಯಿಂದ ತಿರುವಿದರು. ಅಂಟು ಹೋಗಲೆಂದು ನದಿಯ ಜೇಡಿಮಣ್ಣಿನ ನೀರಿನಲ್ಲಿ ತೊಳೆದರು. ಅಕ್ಕಪಕ್ಕದ ಜಾಡಿಗಳಿಗೆ ಸುರಿದರು. ಆಗ ಗುಲ್‌ನಿಸಾ ಗೋಡೆಗೊರಗಿ ಕುಳಿತು, ಮೊಣಕೈವರೆಗೆ ಇದ್ದ ರಕ್ತದಲ್ಲಿ ಯಾವುದು ಯಾರದು ಎಂದು ನೋಡಿದಳು. ತಿಳಿಯಲಿಲ್ಲ.

ರಶ್ತಿನಿಂದ ಈರಜ್‌ನ ಫೋನು ಬಂತು. "ಒಳಗೆ ಕರ್ಕೊಂಡು ಹೋಗಿದಾರೆ. ಏನೂ ಹೇಳ್ತಿಲ್ಲ. ಅದು ಬದುಕಿದೆ ತಾನೆ?"

"ಯಾರು?"

"ನನ್ನ ಮೀನು."

"ಬದುಕಿದೆ."

"ಇರಲಿ. ಅಕ್ಕ ಇಲ್ಲಿಗೆ ಬಂದಳು. ನಾನು ಹೊರಟೆ."

ಮಧ್ಯಾಹ್ನದ ಬಾಂಗಿನ ಹೊತ್ತಿಗೆ ಅವಳು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಇಂಜಿನಿಯರ್ ತಾಲೆಬಿ ಹಿಂದೆ ನಿಂತು ಟೀ ಹೀರುತ್ತಿದ್ದರು, ಸಕ್ಕರೆ ಉಂಡೆ ಹಲ್ಲಿನಲ್ಲಿ ಕಡಿಯುತ್ತಿದ್ದರು. ಕಡಲಿನವಳ ಮೊಟ್ಟೆಗಳು ರೊಟ್ಟಿ ಕತ್ತರಿಸಿದಷ್ಟು ನೇರವಾಗಿ ನಾಲ್ಕು ನಾಲ್ಕು ಪಾಲಾಗಿದ್ದವು. ತಟ್ಟೆ ತುಂಬಾ ಹಾಗೇ. ಮಲಕೆಯ ಮೊಟ್ಟೆಗಳಲ್ಲಿ ಕೆಲವು ಒಡೆದೇ ಇರಲಿಲ್ಲ, ಕೆಲವು ಎಲ್ಲೆಲ್ಲೋ ಸೊಟ್ಟ ಸೊಟ್ಟ ಬಿರಿದಿದ್ದವು, ಕಲ್ಲೇಟು ಬಿದ್ದ ಗಾಜಿನಂತೆ.

"ಅಷ್ಟೊಂದು ವ್ಯತ್ಯಾಸನಾ?" ಎಂದರು ತಾಲೆಬಿ.

"ನೀವೇ ನೋಡಿ."

ನೋಡಿದರು. ಟೀ ಲೋಟ ಕೆಳಗಿಟ್ಟರು. "ಸರಿ. ಮೊಟ್ಟೆ ಬಂತಲ್ಲ. ಆ ಮೀನಿನ ವಿಷಯ... ನಿಯಮದ ಪ್ರಕಾರ ಕಡಲಿಗೆ ಬಿಡಬೇಕು. ಆದರೆ ನಿಮ್ಮ ಮೈದುನನ ಜೊತೆ ಜಗಳಕ್ಕೆ ನಾನು ನಿಲ್ಲೋನಲ್ಲ. ತೊಟ್ಟಿಯಲ್ಲೇ ಸತ್ತಿತು ಅಂತ ಬರೆದರೆ ಯಾರು ಕೇಳ್ತಾರೆ? ಆಣೆ ಬೇರೆ ಇಟ್ಟಿದೀರಂತೆ."

"ಇಟ್ಟಿದೀನಿ."

"ಮತ್ತೇನು. ಮಾತು ಉಳಿಸಿಕೊಳ್ಳಿ." ಅವರು ಕಚೇರಿಗೆ ಹೋಗಿ ಬಾಗಿಲು ಹಾಕಿಕೊಂಡರು.

ಗುಲ್‌ನಿಸಾ ತೊಟ್ಟಿಯ ಬಳಿ ಬಂದಳು. ಕಡಲಿನವಳು ತಳದಲ್ಲಿ ಮಲಗಿದ್ದಳು, ಕಿವಿರು ನಿಧಾನವಾಗಿ ತೆರೆದು ಮುಚ್ಚುತ್ತಿತ್ತು. ಗುಲ್‌ನಿಸಾಳಿಗೆ ಅವಳ ಮೇಲೆ ಪ್ರೀತಿಯೇನೂ ಬರಲಿಲ್ಲ. ಕೊಡತಿ ಕಾಲ ಬಳಿಯೇ ಬಿದ್ದಿತ್ತು. ಒಂದು ಗಳಿಗೆ ತಾನೇ ಅದನ್ನು ಎತ್ತಿಕೊಳ್ಳಬೇಕು ಅನ್ನಿಸಿತು. ಆ ಹಣೆ ಒಡೆದರೆ ಆಣೆಯೂ ಉಳಿಯುತ್ತದೆ, ಗಂಡನೂ ಉಳಿಯುತ್ತಾನೆ, ಆಸ್ಪತ್ರೆಯ ಬಾಗಿಲಲ್ಲಿ ತಲೆ ಎತ್ತಿ ನಿಲ್ಲಬಹುದು. ಇವಳು ಬದುಕಿದರೆ ಇನ್ನೈದಾರು ವಸಂತ ಕಳೆದು ಮತ್ತೆ ತುಂಬಿಕೊಂಡು ನದಿಗೆ ಬರುತ್ತಾಳೆ, ಮತ್ತೆ ಕಪ್ಪು ಮುತ್ತು. ಸತ್ತರೆ ಇನ್ನು ಮುಂದೆ ಹುಟ್ಟುವುದೆಲ್ಲ ಮಲಕೆಯ ಸಂತಾನ, ಗಂಟೆಗೆ ಓಗೊಡುವ, ಬೂಸು ಹಿಡಿಯುವ ಸಂತಾನ. ಒಂದು ಕಡೆ ಅದು, ಇನ್ನೊಂದು ಕಡೆ ತೋಳು ಬಿಡದ ಐದು ಬೆರಳು.

"ಸಫರ್, ತೂಬು ಎತ್ತು."

ಮುದುಕ ಕದಲಲಿಲ್ಲ. "ನಾನು ಕೇಳಿಸಿಕೊಂಡಿದೀನಿ, ಖಾನುಮ್. ಅವನ ಪ್ರಾಣದ ಮೇಲೆ ಇಟ್ಟಿದೀಯ."

"ಎತ್ತು ಅಂದೆ."

"ಅವನು ಸತ್ತರೆ?"

"ಸತ್ತರೆ ನಾನು ಸಾಯಿಸಿದೆ ಅಂತ ಊರಿಗೆಲ್ಲ ಹೇಳು. ಈಗ ಚಕ್ರ ತಿರುಗಿಸು."

ತೂಬು ಕಿರುಗುಟ್ಟಿ ಎದ್ದಿತು. ತೊಟ್ಟಿಯಿಂದ ನದಿಗೆ ಹೋಗುವ ಕಾಲುವೆ ಸೊಂಟದಾಳ. ಇಬ್ಬರೂ ಜೋಲಿಯಲ್ಲೇ ಅವಳನ್ನು ತೇಲಿಸಿ ನೂಕಿಕೊಂಡು ಹೋದರು. ಕಾಲುವೆಯ ಬಾಯಲ್ಲಿ ಸಫರ್ ಬಿಟ್ಟು ನಿಂತ. ಅಷ್ಟು ಸಾಕು ತನ್ನ ಪಾಪಕ್ಕೆ ಎಂದ. ಗುಲ್‌ನಿಸಾ ಒಬ್ಬಳೇ ನದಿಯ ತಣ್ಣೀರಿನಲ್ಲಿ, ಮೀನಿನ ಮೂತಿಯನ್ನು ಹರಿವಿಗೆ ಎದುರಾಗಿ ಹಿಡಿದು ನಿಂತಳು. ಕಿವಿರಿಗೆ ನೀರು ಹೋಗಲಿ, ಜೀವ ಬರಲಿ. ಬರುತ್ತಿರಲಿಲ್ಲ. ಬರಿದಾದ ಹೊಟ್ಟೆ ಜೋತು, ಅವಳು ಪದೇ ಪದೇ ಮಗ್ಗುಲಾಗುತ್ತಿದ್ದಳು.

"ಹೋಗೇ," ಎಂದಳು ಗುಲ್‌ನಿಸಾ. "ಹೋಗೇ, ಹಾಳಾದವಳೇ. ಗಂಡನ ಕಾಲು ತಿಂದೆಯಲ್ಲ, ಈಗ ಈಜೋಕೆ ಬರಲ್ವಾ?"

ಗಾಡಿಯ ಬಾಗಿಲು ಬಡಿದ ಸದ್ದಾಯಿತು. ಈರಜ್ ದಂಡೆಯ ಮೇಲೆ ನಿಂತ. ಖಾಲಿ ತೊಟ್ಟಿಯನ್ನು ನೋಡಿಯೇ ಬಂದಿದ್ದ, ಕೊಡತಿಯನ್ನೂ ಅಲ್ಲಿಂದಲೇ ಎತ್ತಿಕೊಂಡಿದ್ದ. ಅಂಗಿಯ ಮುಂಭಾಗವೆಲ್ಲ ಅಣ್ಣನ ರಕ್ತ ಒಣಗಿ ತಗಡಿನಂತಾಗಿತ್ತು.

"ಅತ್ತಿಗೆ."

ಅವಳು ತಿರುಗಲಿಲ್ಲ.

"ಅವನು ಆಪರೇಷನ್ ಮೇಜಿನ ಮೇಲಿದಾನೆ. ಹೊಟ್ಟೆ ಒಳಗೂ ರಕ್ತ ಇದೆಯಂತೆ. ಈಗ, ಈ ಗಳಿಗೆ, ಮೇಜಿನ ಮೇಲಿದಾನೆ. ನೀನು ಆಣೆ ಮುರೀತಿದೀಯ."

"ಗೊತ್ತು."

"ಕೈ ತೆಗಿ."

"ತೆಗೆಯಲ್ಲ."

"ನೀನು ಹೆಂಗಸಾ? ಹೆಂಡತಿನಾ? ಒಂದು ಮೀನಿಗೋಸ್ಕರ ಅವನ್ನ ಕೊಲ್ತೀಯಾ?"

ಅವನು ನೀರಿಗೆ ಹಾರಿದ. ಎರಡೂ ಕೈಯಿಂದ ಕೊಡತಿಯನ್ನು ತಲೆಯ ಮೇಲಕ್ಕೆ ಎತ್ತಿದ, ಮೀನಿನ ಹಣೆಯ ಮೇಲೆ ಕಣ್ಣಿಟ್ಟು ಇಳಿಸಿದ. ಗುಲ್‌ನಿಸಾ ಎಡಗೈ ಅಡ್ಡ ಚಾಚಿದಳು. ಮೊಣಕೈ ಕೆಳಗಿನ ಎರಡೂ ಮೂಳೆ ಒಟ್ಟಿಗೇ ಹೋದವು. ಕೈಯ ಸಮೇತ ಕೊಡತಿ ಮೀನಿನ ಮೂತಿಗೆ ತಗುಲಿತು. ಮೂಗಿನ ಪಕ್ಕ ಚರ್ಮ ಸೀಳಿತು. ಆ ಪೆಟ್ಟಿಗೆ ಮೀನಿನ ಇಡೀ ಮೈ ಒಮ್ಮೆ ಬಿಲ್ಲಿನಂತೆ ಬಾಗಿ, ಬಾಲ ನೀರನ್ನು ಹೊಡೆಯಿತು. ಈರಜ್ ಹಿಂದಕ್ಕೆ ಬಿದ್ದು ಮುಳುಗಿದ. ಅವನು ಕೆಮ್ಮುತ್ತಾ ಎದ್ದು ಕಣ್ಣೊರಸಿಕೊಳ್ಳುವಾಗ, ನಡುಹೊಳೆಯಲ್ಲಿ ಮೂಳೆಗುಬ್ಬಿಗಳ ಸಾಲು ಒಮ್ಮೆ ಕಂಡು, ಕಡಲಿನ ಕಡೆ ಇಳಿದುಹೋಯಿತು.

ಅವನು ಎರಡನೆಯ ಸಲ ಕೊಡತಿ ಎತ್ತಿದ. ಈ ಸಲ ಅವನ ಎದುರಿಗಿದ್ದದ್ದು ಗುಲ್‌ನಿಸಾಳ ಹಣೆ. ಅವಳು ಮುರಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಅವನನ್ನೇ ನೋಡುತ್ತಾ ನಿಂತಳು. ತಪ್ಪಿಸಿಕೊಳ್ಳಲಿಲ್ಲ. ಸಫರ್ ದಂಡೆಯಿಂದ ಏನೋ ಕೂಗಿದ. ಈರಜ್ ಕೊಡತಿಯನ್ನು ನೀರಿಗೆ ಎಸೆದು, ಅವಳ ಕೆನ್ನೆಗೆ ಬರಿಗೈಯಿಂದ ಹೊಡೆದ, ಮತ್ತೆ ಹೊಡೆದ, ಆಮೇಲೆ ಅವಳ ಭುಜಕ್ಕೆ ತಲೆಯಿಟ್ಟು ಮಗುವಿನ ಹಾಗೆ ಬಿಕ್ಕಿದ.

ಇಸ್ಫಂದಿಯಾರ್ ಸಾಯಲಿಲ್ಲ. ಕಾಲನ್ನು ತೊಡೆಯ ಮಧ್ಯಕ್ಕೆ ಕತ್ತರಿಸಿದ್ದರು. ಮಾರನೆಯ ಮಧ್ಯಾಹ್ನ ಗುಲ್‌ನಿಸಾ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಅದೇ ಆಸ್ಪತ್ರೆಯ ಮೇಲಿನ ಅಂತಸ್ತಿಗೆ ಹೋದಳು. ಗಂಡನ ಅಕ್ಕತಂಗಿಯರು ಅವಳನ್ನು ನೋಡಿ ಮಂಚದ ಬಳಿಯಿಂದ ಎದ್ದುಹೋದರು, ಸಲಾಮಿಗೂ ಉತ್ತರ ಕೊಡಲಿಲ್ಲ.

"ಮೊಟ್ಟೆ?" ಎಂದು ಕೇಳಿದ ಇಸ್ಫಂದಿಯಾರ್. ತುಟಿ ಒಡೆದಿತ್ತು.

"ಕಪ್ಪು. ಗಟ್ಟಿ. ಹೆಚ್ಚುಕಮ್ಮಿ ಎಲ್ಲವೂ ಫಲ ಕಟ್ಟಿವೆ."

"ಮಲಕೆದು?"

"ಈಗಾಗಲೇ ಬೆಳ್ಳಗಾಗ್ತಿವೆ."

"ಪಾಪ, ನನ್ನ ರಾಣಿ." ನಗಲು ಹೋಗಿ ಪಕ್ಕೆ ಹಿಡಿದುಕೊಂಡ. "ಈರಜ್ ಬಂದಿದ್ದ. ಅವನು ಹೇಳಿದ್ದು ನಿಜನಾ, ಗುಲಿ?"

"ನಿಜ."

"ನಾನು ಸತ್ತರೆ ಸಾಯಲಿ ಅಂದ್ಕೊಂಡ್ಯಾ?"

ಅವಳು ಸುಳ್ಳು ಹೇಳಬಹುದಿತ್ತು. ಆಣೆಗಳನ್ನು ನಾನು ನಂಬುವುದಿಲ್ಲ ಅನ್ನಬಹುದಿತ್ತು, ಅವನೂ ಅದನ್ನು ನಂಬಿದಂತೆ ನಟಿಸುತ್ತಿದ್ದನೇನೋ. "ಹ್ಞೂಂ," ಎಂದಳು. "ತೂಬು ಎತ್ತುವಾಗ ಅಂದ್ಕೊಂಡೆ."

ಅವನು ಕೈ ಚಾಚಿ ಅವಳ ಪ್ಲಾಸ್ಟರ್ ಕೈಯ ಬೆರಳುಗಳನ್ನು ಹಿಡಿದ. ಹಿಡಿದು ಹಿಂದಕ್ಕೆ ಬಗ್ಗಿಸಿದ. ಮೀನು ತಬ್ಬುವ ತೋಳಿನ ಬಲ ಪೂರ್ತಿ ಹೋಗಿರಲಿಲ್ಲ. ಒಳಗೆ ಮೂಳೆಯ ತುದಿಗಳು ಒಂದಕ್ಕೊಂದು ಉಜ್ಜಿದವು. ಅವಳ ಕಣ್ಣಲ್ಲಿ ನೀರು ಚಿಮ್ಮಿತು. ಕೈ ಎಳೆದುಕೊಳ್ಳಲಿಲ್ಲ. ಅವನ ಮುಖ ಬೆವೆತು, ಉಸಿರು ಕಟ್ಟಿ, ಕೊನೆಗೆ ಅವನ ಬೆರಳುಗಳೇ ಸೋತು ಸಡಿಲವಾದವು.

"ಜಾಡಿಗಳ ಹತ್ತಿರ ಯಾರಿದಾರೆ?" ಎಂದ, ಗೋಡೆಯ ಕಡೆ ಮುಖ ಮಾಡಿ.

"ಸಫರ್."

"ಅವನು ತೂಕಡಿಸ್ತಾನೆ. ನೀರು ನಿಂತುಬಿಟ್ಟರೆ ಎಲ್ಲ ಸತ್ತುಹೋಗ್ತವೆ. ನೀನು ಹೋಗು."

"ನಾಳೆ ಬರ್ತೀನಿ."

"ಬರಬೇಡ."

ಗುಲ್‌ನಿಸಾ ಎದ್ದಳು. ಒಂದೇ ಕೈಯಲ್ಲಿ ತಲೆಯ ವಸ್ತ್ರ ಸರಿಮಾಡಿಕೊಳ್ಳಲು ಬಾರದೆ ಅದು ಹೆಗಲಿಗೆ ಜಾರಿತು. ಹಾಗೇ ಮೆಟ್ಟಿಲಿಳಿದು, ಕೇಂದ್ರದ ಕಡೆಗೆ ಹೋಗುವ ಮಿನಿಬಸ್ಸಿಗೆ ಕೈ ಅಡ್ಡ ಹಿಡಿದಳು.